ಜಾಲರಿಯ ಮೇಲೆ ಸಾಸೇಜು, ಕೆಳಗಿನ ತಟ್ಟೆಯಲ್ಲಿ ಆಲೂಗಡ್ಡೆ: ಮನೆಯ ಓವನ್ನಿನಲ್ಲಿ ಬ್ರಾಟ್‌ವುರ್ಸ್ಟ್

ನಾನು ವಾಸವಾಗಿರುವ ನ್ಯೂರೆಂಬರ್ಗಿನ ಬಾಡಿಗೆ ಮನೆಯ ಕರಾರಿನಲ್ಲಿ, ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಕೂಡದು ಎಂಬ ಷರತ್ತು ಇದೆ. ಜರ್ಮನಿಯ ಬಹುಮಹಡಿ ಕಟ್ಟಡಗಳಲ್ಲಿ ಇಂಥ ಷರತ್ತು ಅಪರೂಪವೇನಲ್ಲ. ಬಾಲ್ಕನಿಯ ಹೊಗೆಯ ತಕರಾರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಸಂಗಗಳೂ ಇಲ್ಲಿ ನಡೆದಿವೆ. ಹೀಗಾಗಿ, ಬ್ರಾಟ್‌ವುರ್ಸ್ಟ್ ಎಂಬ ಹಂದಿ ಮಾಂಸದ ಸಾಸೇಜಿಗೆ ಹೆಸರಾದ ಊರಿನಲ್ಲಿಯೇ ಇದ್ದುಕೊಂಡು ಅದನ್ನು ಮನೆಯಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಭಾಗ್ಯ ನನಗಿಲ್ಲ. ಬಾಣಲೆಯಲ್ಲಿ ಹುರಿದರೆ ಕೊಬ್ಬು ಸಿಡಿದು ಗೋಡೆಯೆಲ್ಲ ಜಿಡ್ಡಾಗುತ್ತದೆ. ನಾಲ್ಕು ಜನರಿಗೆ ಒಂದೇ ಸಲಕ್ಕೆ ಹುರಿಯುವಷ್ಟು ಅಗಲವಾದ ಬಾಣಲೆಯೂ ನನ್ನಲ್ಲಿಲ್ಲ. ಉಳಿದ ದಾರಿ ಓವನ್. ಕಳೆದ ಚಳಿಗಾಲದ ಭಾನುವಾರಗಳಲ್ಲಿ ಸೂಪರ್ ಮಾರ್ಕೆಟ್ಟಿನ ಪೊಟ್ಟಣದ ನ್ಯೂರೆಂಬರ್ಗ್ ಸಾಸೇಜನ್ನೂ ಮಾಂಸದಂಗಡಿಯಲ್ಲಿ ಸಿಗುವ, ಜರ್ಮನಿಯ ಥುರಿಂಗಿಯಾ ಎಂಬ ಸೀಮೆಯ ಹಸಿ ಸಾಸೇಜನ್ನೂ ಸರದಿಯ ಮೇಲೆ ಓವನ್ನಿನಲ್ಲಿ ಬೇಯಿಸಿ ನೋಡಿದ್ದೇನೆ. ಕೊಡಗಿನ ಮನೆಯಲ್ಲಿ ಪಂದಿ ಕರಿ ತಿಂದು ಬೆಳೆದವನಾದ್ದರಿಂದ ಹಂದಿ ಮಾಂಸ ನನಗೆ ಹೊಸದಲ್ಲ. ಆದರೆ ಅದನ್ನು ಕರುಳಿನ ಪೊರೆಯೊಳಗೆ ತುಂಬಿ, ಒಣ ಶಾಖದಲ್ಲಿ, ರಸ ಸೋರದಂತೆ ಬೇಯಿಸುವ ಕೆಲಸ ನನಗೆ ಪೂರ್ತಿ ಹೊಸದಾಗಿತ್ತು.

ಮೊದಲು ಹೆಸರಿನ ಮಾತು, ಏಕೆಂದರೆ ಅಡುಗೆಯ ಅರ್ಧ ಗುಟ್ಟು ಅಲ್ಲಿಯೇ ಇದೆ. ಬ್ರಾಟ್‌ವುರ್ಸ್ಟ್ ಎಂದರೆ ಹುರಿದ ಸಾಸೇಜು ಎಂದೇ ಬಹಳ ಜನ ತಿಳಿದಿದ್ದಾರೆ. ಹುರಿಯುವುದಕ್ಕೆ ಜರ್ಮನ್ ಭಾಷೆಯಲ್ಲಿ ‘ಬ್ರಾಟನ್’ ಎನ್ನುವುದರಿಂದ ಆ ತಿಳಿವಳಿಕೆ ಸಹಜವೇ. ಮೂಲದಲ್ಲಿ ಅದು ‘ಬ್ರೆಟ್’ ಎಂಬ ಮಾತಿಗೆ ಸೇರಿದ್ದು. ಸಾಸೇಜಿನೊಳಗೆ ತುಂಬುವ, ಸಣ್ಣಗೆ ಕೊಚ್ಚಿದ ಮಾಂಸಕ್ಕೆ ಮಾಂಸದಂಗಡಿಯವರು ಇಂದಿಗೂ ಹಾಗೆಯೇ ಹೇಳುತ್ತಾರೆ. ಪೊಟ್ಟಣಗಳ ಮೇಲೆ ಕಾಣುವ ಪೂರ್ಣ ಹೆಸರು ‘ರೋಸ್ಟ್‌ಬ್ರಾಟ್‌ವುರ್ಸ್ಟ್’. ಇದರಲ್ಲಿ ‘ರೋಸ್ಟ್’ ಎಂದರೆ ಕೆಂಡದ ಮೇಲಿಡುವ ಕಬ್ಬಿಣದ ಜಾಲರಿ. ಓವನ್ನಿನ ಜೊತೆಗೆ ಬರುವ ತಂತಿಯ ಜಾಲರಿಗೂ ಜರ್ಮನರು ಅದೇ ಪದವನ್ನು ಬಳಸುತ್ತಾರೆ. ಸಾಸೇಜನ್ನು ತಗಡಿನ ತಟ್ಟೆಯ ಮೇಲಲ್ಲ, ಜಾಲರಿಯ ಮೇಲೆ ಇಡಬೇಕು ಎಂಬ ಸೂಚನೆ ಹೆಸರಿನಲ್ಲಿಯೇ ಇರುವುದನ್ನು ನಾನು ಗಮನಿಸುವಷ್ಟರಲ್ಲಿ ಎರಡು ಭಾನುವಾರಗಳು ವ್ಯರ್ಥವಾಗಿದ್ದವು. ತಟ್ಟೆಯ ಮೇಲಿಟ್ಟ ಸಾಸೇಜು ತನ್ನದೇ ಕೊಬ್ಬಿನಲ್ಲಿ ಕುಳಿತು ಒಂದು ಬದಿ ಕರಿದಂತಾಗಿ, ಮೇಲಿನ ಬದಿ ಬೆಳ್ಳಗೆ ಉಳಿಯುತ್ತದೆ. ಜಾಲರಿಯ ಮೇಲಿದ್ದರೆ ಬಿಸಿ ಗಾಳಿ ಎಲ್ಲ ಕಡೆಯಿಂದಲೂ ತಾಗುತ್ತದೆ.

ನ್ಯೂರೆಂಬರ್ಗಿನ ಸಾಸೇಜು ಬೆರಳಿನ ಗಾತ್ರದ್ದು: ಉದ್ದ 7ರಿಂದ 9 ಸೆಂಟಿಮೀಟರ್, ತೂಕ 20ರಿಂದ 25 ಗ್ರಾಂ. ಕುರಿಯ ಕರುಳಿನ ತೆಳುವಾದ ಪೊರೆ. ಒಳಗೆ ಹಂದಿ ಮಾಂಸ, ಉಪ್ಪು, ಮೆಣಸು, ಎದ್ದು ಕಾಣುವಷ್ಟು ಮಾರ್ಜೊರಾಮ್. ಈ ಮಾರ್ಜೊರಾಮ್ ಬೇರೇನೂ ಅಲ್ಲ, ನಮ್ಮ ಹೂವಿನಂಗಡಿಗಳಲ್ಲಿ ದವನದ ಪಕ್ಕದಲ್ಲಿಟ್ಟು ಮಾಲೆಗೆ ಸೇರಿಸುವ ಮರುಗ. ಮೊದಲ ಸಲ ಸಾಸೇಜನ್ನು ಮುರಿದಾಗ ಬಂದ ಪರಿಮಳ ಊಟದ ಮೇಜಿನದಲ್ಲ, ದೇವಸ್ಥಾನದ ಬಾಗಿಲಿನದು ಎನ್ನಿಸಿ ನಾನು ಒಂದು ಕ್ಷಣ ಗಲಿಬಿಲಿಗೊಂಡಿದ್ದೆ. 2003ರಲ್ಲಿ ಯುರೋಪಿಯನ್ ಒಕ್ಕೂಟ ಈ ಸಾಸೇಜಿನ ಹೆಸರಿಗೆ ಭೌಗೋಳಿಕ ರಕ್ಷಣೆ ಕೊಟ್ಟಿತು. ನ್ಯೂರೆಂಬರ್ಗ್ ನಗರದ ಎಲ್ಲೆಯೊಳಗೆ ತಯಾರಾದದ್ದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ಮೈಸೂರು ಮಲ್ಲಿಗೆ, ನಂಜನಗೂಡಿನ ರಸಬಾಳೆಗಳಿಗೆ ಇರುವ ಭೌಗೋಳಿಕ ಗುರುತಿನಂತೆಯೇ ಇದೂ. ಇಲ್ಲಿನ ಹೋಟೆಲುಗಳಲ್ಲಿ ಇದನ್ನು ಬೀಚ್ ಮರದ ಸೌದೆಯ ಬೆಂಕಿಯ ಮೇಲೆ ಸುಟ್ಟು, ಆರು, ಎಂಟು, ಹತ್ತು ಅಥವಾ ಹನ್ನೆರಡರ ಲೆಕ್ಕದಲ್ಲಿ ತವರದ ತಟ್ಟೆಯಲ್ಲಿ ಬಡಿಸುತ್ತಾರೆ. ಬೀದಿಯಲ್ಲಾದರೆ ಮೂರನ್ನು ಒಂದು ಬನ್ನಿನೊಳಗಿಟ್ಟು ಕೊಡುತ್ತಾರೆ. ಅದನ್ನು ಊರಿನವರು ‘ಡ್ರಾಯ್ ಇಮ್ ವೆಗ್ಲಾ’ ಎಂದು ಕರೆಯುತ್ತಾರೆ. 1419ರಿಂದ ನಡೆದುಬಂದಿದೆ ಎಂದು ಹೇಳಿಕೊಳ್ಳುವ ‘ಗುಲ್ಡನ್ ಷ್ಟೆರ್ನ್’ ಎಂಬ ಸಾಸೇಜಿನ ಅಡುಗೆಮನೆಯೊಂದು ಇಂದಿಗೂ ಇಲ್ಲಿ ಬಾಗಿಲು ತೆರೆದಿದೆ. ಅಂಥ ಊರಿನಲ್ಲಿ ಕುಳಿತು ಓವನ್ನಿನ ಪರವಾಗಿ ಬರೆಯುವುದಕ್ಕೆ ಸ್ವಲ್ಪ ಧೈರ್ಯವೇ ಬೇಕು.

ಆದರೂ ಬರೆಯುತ್ತೇನೆ, ಏಕೆಂದರೆ ಓವನ್ನಿಗೆ ಹೇಳಿ ಮಾಡಿಸಿದ ಬ್ರಾಟ್‌ವುರ್ಸ್ಟ್ ಯಾವುದಾದರೂ ಇದ್ದರೆ ಅದು ಈ ಸಣ್ಣದೇ. ಸೂಪರ್ ಮಾರ್ಕೆಟ್ಟಿನಲ್ಲಿ ಗಾಳಿ ತೆಗೆದ ಪೊಟ್ಟಣಗಳಲ್ಲಿ ಸಿಗುವ ನ್ಯೂರೆಂಬರ್ಗ್ ಸಾಸೇಜು ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ಬಿಸಿ ನೀರಿನಲ್ಲಿಯೋ ಹಬೆಯಲ್ಲಿಯೋ ಒಮ್ಮೆ ಬೆಂದಿರುತ್ತದೆ. ಪೊಟ್ಟಣದ ಮೇಲೆ ‘ಗೆಬ್ರ್ಯೂಟ್’ ಎಂದು ಬರೆದಿರುವುದರ ಅರ್ಥ ಇಷ್ಟೇ. ಮನೆಯಲ್ಲಿ ಮಾಡಬೇಕಾದದ್ದು ಒಳಗೆ ಬಿಸಿ ಮಾಡುವುದು, ಹೊರಗೆ ಬಣ್ಣ ಬರಿಸುವುದು. ಓವನ್ನನ್ನು ಮೇಲೆ ಕೆಳಗೆ ಎರಡೂ ಕಡೆಯ ಶಾಖದಲ್ಲಿ 200 ಡಿಗ್ರಿಗೆ ಮೊದಲೇ ಕಾಯಿಸಿ, ಸಾಸೇಜುಗಳನ್ನು ಕಾಗದದಿಂದ ಚೆನ್ನಾಗಿ ಒರೆಸಿ, ಬೆರಳಿಗೆ ಹತ್ತಿದಷ್ಟು ಎಣ್ಣೆ ಸವರಿ, ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿಟ್ಟರೆ 12ರಿಂದ 15 ನಿಮಿಷ ಸಾಕು. ನಡುವೆ ಒಮ್ಮೆ ಹೊರಳಿಸಬೇಕು. ಒರೆಸುವ ಕೆಲಸವನ್ನು ಮಾತ್ರ ಬಿಡಬಾರದು. ಮೈಮೇಲೆ ನೀರಿನ ಪಸೆ ಇರುವವರೆಗೂ ಪೊರೆಯ ಶಾಖ 100 ಡಿಗ್ರಿಯನ್ನು ದಾಟುವುದಿಲ್ಲ. ಕಂದು ಬಣ್ಣವನ್ನೂ ಹುರಿದ ರುಚಿಯನ್ನೂ ಕೊಡುವ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಒರೆಸದೆ ಇಟ್ಟ ನನ್ನ ಮೊದಲ ತಂಡ ಹದಿನೈದು ನಿಮಿಷವಾದರೂ ಜ್ವರ ಬಂದವರ ಮುಖದಂತೆ ಬಿಳಿಚಿಕೊಂಡೇ ಇತ್ತು.

ಸರಿಯಾಗಿ ಮಾಡಿದಾಗ ಈ ಸಾಸೇಜು ಕಚ್ಚಿದೊಡನೆ ಪಟಕ್ಕನೆ ಮುರಿಯುತ್ತದೆ. ಒಳಗೆ ರಸ ಉಳಿದಿರುತ್ತದೆ, ಮರುಗದ ಪರಿಮಳ ಕೆಂಡದ ಮೇಲೆ ಸುಟ್ಟದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಬರುತ್ತದೆ. ಅದನ್ನು ಮುಚ್ಚುವ ಹೊಗೆ ಇಲ್ಲವಲ್ಲ. ಸೌದೆಯ ಬೆಂಕಿಯಲ್ಲಿ ಪೊರೆಯ ಮೇಲೆ ಮೂಡುವ ಕಪ್ಪು ಗೆರೆಗಳೂ ಆ ಗೆರೆಗಳ ನಸುಗಹಿಯೂ ಓವನ್ನಿನಲ್ಲಿ ಬರುವುದಿಲ್ಲ. ಅದನ್ನೇ ಬಯಸುವವರು ಓವನ್ನಿನ ಕಡೆಗೆ ಹೋಗದೆ ಹೋಟೆಲಿಗೆ ಹೋಗುವುದು ಒಳ್ಳೆಯದು.

ಥುರಿಂಗಿಯಾದ ಸಾಸೇಜಿನ ವಿಷಯ ಇಷ್ಟು ಸರಳವಲ್ಲ. ಅದು ಕನಿಷ್ಠ 15 ಸೆಂಟಿಮೀಟರ್ ಉದ್ದದ, ಹೆಚ್ಚು ಕಡಿಮೆ 100ರಿಂದ 150 ಗ್ರಾಂ ತೂಗುವ ಸಾಸೇಜು; ಮಾರ್ಜೊರಾಮಿನ ಜೊತೆಗೆ ಜೀರಿಗೆಯ ಬಳಗದ ಕ್ಯಾರವೇ, ಬೆಳ್ಳುಳ್ಳಿಗಳು ಸೇರುತ್ತವೆ. ಇದಕ್ಕೂ 2003ರಲ್ಲಿಯೇ ಹೆಸರಿನ ರಕ್ಷಣೆ ಸಿಕ್ಕಿತು. ಆ ಸೀಮೆಯವರ ಅಭಿಮಾನಕ್ಕೆ ಆಧಾರವಾಗಿರುವುದು ಮಾತ್ರ ಅದಕ್ಕಿಂತ ಆರು ಶತಮಾನ ಹಿಂದಿನ ಒಂದು ಲೆಕ್ಕದ ಸಾಲು: ಆರ್ನ್‌ಸ್ಟಾಟ್ ಎಂಬ ಊರಿನ ಕನ್ಯಾಮಠದ ಖರ್ಚಿನ ಪುಸ್ತಕದಲ್ಲಿ 1404ರ ಜನವರಿ 20ರಂದು, ಬ್ರಾಟ್‌ವುರ್ಸ್ಟ್ ಮಾಡಲು ಕರುಳು ಕೊಂಡದ್ದಕ್ಕೆ ಒಂದು ಗ್ರೋಶನ್ ನಾಣ್ಯ ಎಂದು ಬರೆದಿದೆ. ನಮ್ಮ ಮಹಡಿಯಲ್ಲಿ ಎದುರು ಬಾಗಿಲಿನ ಅಜ್ಜಿ ಥುರಿಂಗಿಯಾದವರು. ನಾನು ಓವನ್ನಿನ ಪ್ರಸ್ತಾಪ ಎತ್ತಿದಾಗ ಅವರು, “ಓವನ್ನಿನಲ್ಲಿ ಕೇಕು ಮಾಡಿ. ಬ್ರಾಟ್‌ವುರ್ಸ್ಟನ್ನು ಯಾಕೆ ಹಿಂಸಿಸುತ್ತೀರಿ?” ಎಂದು ಕೇಳಿದ್ದರು.

ಮೊದಲ ಸಲ ನಾನು ಹಿಂಸಿಸಿದ್ದೂ ಹೌದು. ಮಾಂಸದಂಗಡಿಯಿಂದ ತಂದ ಹಸಿ ಸಾಸೇಜುಗಳನ್ನು, ಬೇಗ ಬಣ್ಣ ಬರಲಿ ಎಂಬ ಆತುರದಲ್ಲಿ, ಫ್ಯಾನ್ ಹಾಕಿ 220 ಡಿಗ್ರಿಯಲ್ಲಿ ಇಟ್ಟೆ. ಹತ್ತು ನಿಮಿಷಕ್ಕೆ ಎರಡು ಸೀಳಿಕೊಂಡವು. ಖಾಲಿ ತಟ್ಟೆಯ ಮೇಲೆ ಬಿದ್ದ ಕೊಬ್ಬು ಹೊಗೆಯಾಗಿ, ಜರ್ಮನಿಯ ಮನೆಗಳಲ್ಲಿ ಕಡ್ಡಾಯವಾಗಿರುವ ಹೊಗೆ ಎಚ್ಚರಿಕೆಯ ಗಂಟೆ ಭಾನುವಾರದ ನಿಶ್ಶಬ್ದದ ನಡುವೆ ಕಿರುಚಿಕೊಂಡಿತು. ಕತ್ತರಿಸಿ ನೋಡಿದರೆ ಹೊರಗೆ ಸೀದು, ನಟ್ಟನಡುವೆ ಇನ್ನೂ ಹಸಿ. ತಪ್ಪು ಸಾಸೇಜಿನದೂ ಅಲ್ಲ, ಓವನ್ನಿನದೂ ಅಲ್ಲ. ಬ್ರೆಟ್ ಎಂಬುದು ಕೊಚ್ಚಿದ ಮಾಂಸದ ಮುದ್ದೆ ಮಾತ್ರವಲ್ಲ. ಕೊಚ್ಚುವಾಗ ಉಪ್ಪಿನಿಂದ ಕರಗಿ ಹೊರಬಂದ ಮಾಂಸದ ಪ್ರೋಟೀನು ನೀರನ್ನೂ ಕೊಬ್ಬನ್ನೂ ಹಿಡಿದಿಟ್ಟುಕೊಂಡಿರುವ ಒಂದು ಕಟ್ಟು ಅದು. ಆ ಕಟ್ಟು ಕೆಡಬಾರದೆಂದೇ ತಯಾರಿಸುವವರು ಮಂಜುಗಡ್ಡೆಯ ಚೂರು ಸೇರಿಸಿ ಅದನ್ನು ತಣ್ಣಗೆ ಇಟ್ಟುಕೊಳ್ಳುತ್ತಾರೆ. ಬೇಯುವಾಗ ಶಾಖ ಒಮ್ಮೆಲೇ ಏರಿದರೆ ಹೊರಗಿನ ಪೊರೆ ಬಿಗಿದುಕೊಳ್ಳುತ್ತದೆ, ಒಳಗಿನ ನೀರು ಆವಿಯಾಗಿ ಒತ್ತುತ್ತದೆ, ಕಟ್ಟು ಒಡೆದು ಕೊಬ್ಬು ಬೇರೆಯಾಗುತ್ತದೆ. ಪೊರೆ ಎಲ್ಲಿ ತೆಳುವಾಗಿದೆಯೋ ಅಲ್ಲಿ ಸೀಳುತ್ತದೆ. ಸೀಳಬಾರದೆಂದು ಮುಳ್ಳುಚಮಚದಿಂದ ಮೊದಲೇ ಚುಚ್ಚಿಡುವ ರೂಢಿ ಕೆಲವರಲ್ಲಿದೆ. ಚುಚ್ಚಿದ ಸಾಸೇಜು ಸೀಳುವುದಿಲ್ಲ, ನಿಜ. ಉಳಿಸಿಕೊಳ್ಳಬೇಕಾದ ರಸವೂ ಆ ತೂತುಗಳಿಂದಲೇ ಸೋರಿ ಹೋಗುತ್ತದೆ.

ಹಸಿ ಸಾಸೇಜಿಗೆ ಈಗ ನಾನು ಅನುಸರಿಸುವ ಕ್ರಮ ಬೇರೆ. ಮೇಲೆ ಕೆಳಗಿನ ಶಾಖ 180 ಡಿಗ್ರಿ. ಫ್ಯಾನ್ ಹಾಕುವುದಾದರೆ 160 ಸಾಕು, ಏಕೆಂದರೆ ಓಡಾಡುವ ಗಾಳಿ ಅದೇ ಡಿಗ್ರಿಯಲ್ಲಿ ಹೆಚ್ಚು ಶಾಖವನ್ನು ತಲುಪಿಸುತ್ತದೆ. ಸಾಸೇಜನ್ನು ಅರ್ಧ ಗಂಟೆ ಮುಂಚೆ ಫ್ರಿಜ್ಜಿನಿಂದ ತೆಗೆದು, ಒರೆಸಿ, ನಡುವಿನ ಅಂತಸ್ತಿನ ಜಾಲರಿಯ ಮೇಲಿಟ್ಟು ಸುಮಾರು 25 ನಿಮಿಷ ಬೇಯಿಸುತ್ತೇನೆ, ಹದಿಮೂರನೆಯ ನಿಮಿಷದ ಹೊತ್ತಿಗೆ ಇಕ್ಕಳದಿಂದ ಹೊರಳಿಸುತ್ತೇನೆ. ಕೊನೆಗೆ ಮೇಲಿನ ಗ್ರಿಲ್ ಕಂಬಿಯನ್ನು ಹಚ್ಚಿ ಒಂದೊಂದು ಬದಿಗೆ ಎರಡು ಮೂರು ನಿಮಿಷ. ಆಗ ಬಾಗಿಲ ಬಳಿಯಿಂದ ಕದಲುವಂತಿಲ್ಲ. ಬೆಂದಿದೆಯೇ ಎಂಬುದನ್ನು ಬಣ್ಣ ನೋಡಿ ಹೇಳಲಾಗದು, ಮಾಂಸದ ಥರ್ಮಾಮೀಟರನ್ನು ಸಾಸೇಜಿನ ತುದಿಯಿಂದ ಉದ್ದಕ್ಕೆ ಚುಚ್ಚಿ ನೋಡಬೇಕು. ನಟ್ಟನಡುವಿನ ಶಾಖ 70 ಡಿಗ್ರಿಗೆ ಏರಿ ಎರಡು ನಿಮಿಷ ಅಲ್ಲಿಯೇ ನಿಲ್ಲಬೇಕು ಎಂಬುದು ಇಲ್ಲಿ ಸಾಮಾನ್ಯವಾಗಿ ಹೇಳುವ ಸುರಕ್ಷತೆಯ ಅಳತೆ; ನಾನು 72ಕ್ಕೆ ತೆಗೆಯುತ್ತೇನೆ. 80 ದಾಟಿದ ಮೇಲೆ ಎಷ್ಟೇ ಒಳ್ಳೆಯ ಅಂಗಡಿಯ ಸಾಸೇಜಾದರೂ ಪುಡಿಪುಡಿಯಾದ ಒಣ ಮಾಂಸವೇ. ಥರ್ಮಾಮೀಟರಿಗೆ ಕೊಟ್ಟ ಹಣದಷ್ಟು ಸಾರ್ಥಕವಾದ ಖರ್ಚನ್ನು ಈ ಅಡುಗೆಮನೆಯಲ್ಲಿ ನಾನು ಬೇರೆ ಮಾಡಿಲ್ಲ.

ಹಸಿ ಸಾಸೇಜಿನ ಇನ್ನೊಂದು ತೊಡಕು ದಿನದ್ದು. ಕೊಚ್ಚಿದ ಹಸಿ ಮಾಂಸವನ್ನು ಕೊಂಡ ದಿನವೇ ಬೇಯಿಸಬೇಕು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ನಮ್ಮ ಬೀದಿಯ ಮಾಂಸದಂಗಡಿ ಶನಿವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ. ಆದ್ದರಿಂದ ಶನಿವಾರ ತಂದ ಸಾಸೇಜನ್ನು ಅಂದೇ 75 ಡಿಗ್ರಿಯ ಆಸುಪಾಸಿನ, ಕುದಿಯದ ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ನಡುವಿನ ಶಾಖವನ್ನು ಅಳೆದು ನೋಡಿ, ತಣ್ಣೀರಿನಲ್ಲಿ ಬೇಗ ಆರಿಸಿ, ಒರೆಸಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಭಾನುವಾರ ಅದು ಪೊಟ್ಟಣದ ಸಾಸೇಜಿನಂತೆಯೇ ಮೊದಲೇ ಬೆಂದದ್ದಾಗಿರುತ್ತದೆ, 200 ಡಿಗ್ರಿಯನ್ನು ಸೀಳದೆ ತಡೆದುಕೊಳ್ಳುತ್ತದೆ. ನೇರವಾಗಿ ಓವನ್ನಿಗೆ ಹೋದ ಹಸಿ ಸಾಸೇಜಿನ ಒರಟಾದ, ಬಾಯಿಗೆ ಮಾಂಸವೇ ಸಿಗುವ ಗುಣ ಇದರಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಅತಿಥಿಗಳು ಬರುವ ದಿನ ನಾನು ಆರಿಸಿಕೊಳ್ಳುವುದು ಈ ದಾರಿಯನ್ನೇ.

ಇಷ್ಟರವರೆಗೆ ಹೇಳಿದ್ದರಲ್ಲಿ ಓವನ್ ಕೆಂಡಕ್ಕಿಂತ ಒಂದು ಮೆಟ್ಟಿಲು ಕೆಳಗೇ ನಿಂತಿದೆ. ಅದು ಮೇಲೇರುವುದು ಜಾಲರಿಯ ಕೆಳಗಿನ ತಟ್ಟೆಯಿಂದ. ಕೆಂಡದ ಮೇಲೆ ತೊಟ್ಟಿಕ್ಕುವ ಕೊಬ್ಬು ಉರಿದು ಹೊಗೆಯಾಗುತ್ತದೆ. ಆ ಹೊಗೆಯಲ್ಲಿ ರುಚಿಯ ಜೊತೆಗೆ ಬೆಂಜೊಪೈರೀನಿನಂಥ ಹಾನಿಕರ ವಸ್ತುಗಳೂ ಇರುತ್ತವೆ. ಓವನ್ನಿನಲ್ಲಿ ಅದೇ ಕೊಬ್ಬು ತಟ್ಟೆಗೆ ಬೀಳುತ್ತದೆ. ಹೊಗೆಯ ಗಂಟೆ ಹೊಡೆದ ಮೇಲೆ ನಾನು ಮೊದಲು ಮಾಡಿದ್ದು ತಟ್ಟೆಗೆ ಅರ್ಧ ಸೆಂಟಿಮೀಟರ್ ನೀರು ಹಾಕಿದ್ದು. ಹೊಗೆಯೇನೋ ನಿಂತಿತು, ಆದರೆ ಆವಿಯಿಂದಾಗಿ ಸಾಸೇಜಿನ ಬಣ್ಣ ತಡವಾಯಿತು, ಒಳ್ಳೆಯ ಕೊಬ್ಬು ಪಾತ್ರೆ ತೊಳೆದ ನೀರಿನಂತಾಗಿ ಚರಂಡಿಗೆ ಹೋಯಿತು. ಮುಂದಿನ ವಾರ ನೀರಿನ ಬದಲು ಆಲೂಗಡ್ಡೆ ಇಟ್ಟೆ. ಅರ್ಧ ಬೆರಳು ದಪ್ಪದ ಬಿಲ್ಲೆಗಳು, ದೊಡ್ಡದಾಗಿ ಹೆಚ್ಚಿದ ಎರಡು ಈರುಳ್ಳಿ, ಉಪ್ಪು, ಒಂದು ಚಮಚ ಎಣ್ಣೆ, ಅಷ್ಟೇ. ಸಾಸೇಜಿಗೆ ಮೊದಲು ಇಪ್ಪತ್ತು ನಿಮಿಷ ಇವನ್ನು ಒಂಟಿಯಾಗಿ ಬೇಯಲು ಬಿಟ್ಟು, ಆಮೇಲೆ ಮೇಲಿನ ಅಂತಸ್ತಿನಲ್ಲಿ ಜಾಲರಿಯನ್ನು ತೂರಿಸಿದರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ. ಬೆಳ್ಳುಳ್ಳಿ, ಮರುಗ, ಮೆಣಸುಗಳ ಸಾರವನ್ನು ಹೊತ್ತ ಕೊಬ್ಬು ತೊಟ್ಟು ತೊಟ್ಟಾಗಿ ಆಲೂಗಡ್ಡೆಯ ಮೇಲೆ ಬೀಳುತ್ತದೆ. ಬಿಲ್ಲೆಗಳ ಅಂಚು ಗರಿಗರಿಯಾಗುತ್ತದೆ, ಈರುಳ್ಳಿ ಕಂದಾಗಿ ಸಿಹಿಯಾಗುತ್ತದೆ, ತಟ್ಟೆಯ ತಳದಲ್ಲಿ ಕೆರೆದು ತಿನ್ನಬೇಕಾದ ಒಂದು ಪದರ ಹಿಡಿಯುತ್ತದೆ. ಕೆಂಡದ ಒಲೆಯ ಮುಂದೆ ನಿಂತವರಿಗೆ ಇದು ಸಿಗುವುದಿಲ್ಲ. ಓವನ್ನಿನ ಬ್ರಾಟ್‌ವುರ್ಸ್ಟನ್ನು ಸುಟ್ಟ ಬ್ರಾಟ್‌ವುರ್ಸ್ಟಿನ ಪಕ್ಕದಲ್ಲಿಟ್ಟು ತೂಗುವವರು ಈ ತಟ್ಟೆಯನ್ನೂ ತಕ್ಕಡಿಯಲ್ಲಿ ಇಡಬೇಕು ಎಂಬುದು ನನ್ನ ವಾದ. ಈ ತಟ್ಟೆಯ ದೃಷ್ಟಿಯಿಂದ ಸಣ್ಣ ನ್ಯೂರೆಂಬರ್ಗಿಗಿಂತ, ಹೆಚ್ಚು ಹೊತ್ತು ಬೇಯುವ ಹಸಿ ಥುರಿಂಗಿಯಾ ಸಾಸೇಜೇ ಮೇಲು. ಸಣ್ಣದು ಕಾಲು ಗಂಟೆಯಲ್ಲಿ ಮುಗಿದುಹೋಗುವುದರಿಂದ ಆಲೂಗಡ್ಡೆಗೆ ಬೀಳುವುದು ನಾಲ್ಕು ಹನಿ.

ಓವನ್ನಿಗೆ ಒಗ್ಗದ ಸಾಸೇಜುಗಳೂ ಇವೆ. ನ್ಯೂರೆಂಬರ್ಗಿನ ಉತ್ತರಕ್ಕಿರುವ ಕೋಬುರ್ಗಿನಲ್ಲಿ ಬ್ರಾಟ್‌ವುರ್ಸ್ಟನ್ನು ಪೈನ್ ಮರದ ಒಣ ಕಾಯಿಗಳ ಬೆಂಕಿಯಲ್ಲಿ ಸುಡುತ್ತಾರೆ. ಅದರ ರುಚಿಯೇ ಆ ರಾಳದ ಹೊಗೆ; ಓವನ್ನಿಗೆ ಹಾಕಿದರೆ ಉಳಿಯುವುದು ಹೆಸರು ಮಾತ್ರ. ಮ್ಯೂನಿಕ್ಕಿನ ಬಿಳಿಯ ವೈಸ್‌ವುರ್ಸ್ಟ್ ಬಿಸಿ ನೀರಿನದು, ಅದನ್ನು ಒಣ ಶಾಖಕ್ಕೆ ಒಡ್ಡುವ ಆಲೋಚನೆಯನ್ನೇ ಮಾಡಬೇಡಿ. ಮೂರನೆಯದು ರುಚಿಯ ಮಾತಲ್ಲ, ಆರೋಗ್ಯದ್ದು. ಬ್ರಾಟ್‌ವುರ್ಸ್ಟ್‌ಗೆ ಸಾಮಾನ್ಯವಾಗಿ ನೈಟ್ರೈಟ್ ಬೆರೆತ ಉಪ್ಪನ್ನು ಹಾಕುವುದಿಲ್ಲ. ಬೆಂದ ಮೇಲೆ ಅದರ ಒಳಭಾಗ ಗುಲಾಬಿಯಾಗಿರದೆ ಬೂದು ಮಿಶ್ರಿತ ಬಿಳಿಯಾಗಿರುವುದು ಅದಕ್ಕೇ. ವೀನರ್‌ನಂಥ ಗುಲಾಬಿ ಸಾಸೇಜುಗಳಲ್ಲಿ ಆ ಉಪ್ಪು ಇರುತ್ತದೆ. ಅವನ್ನು ಹೆಚ್ಚು ಶಾಖದಲ್ಲಿ ಸುಟ್ಟರೆ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತುಗಳು ಹುಟ್ಟಬಹುದು ಎಂಬ ಕಾರಣಕ್ಕೆ ಅವನ್ನು ಗ್ರಿಲ್ ಮಾಡಬೇಡಿ ಎಂದು ಇಲ್ಲಿ ಸಲಹೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಶೈತ್ಯಾಗಾರದ ಸಾಸೇಜು ತಂದು ಒ.ಟಿ.ಜಿ. ಎಂಬ ಮೇಜಿನ ಮೇಲಿಡುವ ಓವನ್ನಿನಲ್ಲಿ ಇದೇ ಅಡುಗೆಯನ್ನು ಮಾಡಲು ಹೊರಡುವವರು ಪೊಟ್ಟಣದ ಹಿಂಬದಿಯಲ್ಲಿ 250 ಎಂಬ ಸಂಖ್ಯೆ ಇದೆಯೇ ನೋಡಿಕೊಳ್ಳಬೇಕು. ಸೋಡಿಯಂ ನೈಟ್ರೈಟಿನ ಗುರುತು ಅದು. ಇದ್ದರೆ ಅಂಥದ್ದನ್ನು ಬಿಸಿ ನೀರಿನಲ್ಲಿ ಕಾಯಿಸಿ ತಿನ್ನುವುದೇ ಲೇಸು. ಸಣ್ಣ ಒ.ಟಿ.ಜಿ.ಯಲ್ಲಿ ಮೇಲಿನ ಕಂಬಿ ಸಾಸೇಜಿಗೆ ತೀರ ಹತ್ತಿರವಿರುವುದರಿಂದ ಮೇಲೆ ಹೇಳಿದ ಶಾಖವನ್ನು ಹತ್ತಿಪ್ಪತ್ತು ಡಿಗ್ರಿ ಇಳಿಸಿಕೊಳ್ಳಬೇಕಾಗುತ್ತದೆ.

ಜೊತೆಗೆ ಏನು ಎಂಬ ವಿಷಯದಲ್ಲಿ ಊರೂರಿನ ಹಟ ಬೇರೆ ಬೇರೆ. ನ್ಯೂರೆಂಬರ್ಗಿನವರಿಗೆ ಹುಳಿ ಬರಿಸಿದ ಕೋಸು, ಮೂಗಿಗೆ ಏರುವ ಕ್ರೆನ್ ಎಂಬ ಖಾರದ ಬೇರಿನ ತುರಿ. ಥುರಿಂಗಿಯಾದವರಿಗೆ ಸಾಸಿವೆಯ ಗೊಜ್ಜು ಒಂದೇ, ಅದೂ ಎರ್ಫುರ್ಟಿನಲ್ಲಿ 1820ರಲ್ಲಿ ಶುರುವಾದ ಬೋರ್ನ್ ಕಂಪನಿಯದ್ದಾದರೆ ಸಂತೋಷ. ಟೊಮ್ಯಾಟೊ ಕೆಚಪ್ ಕೇಳಿದರೆ ಎದುರು ಬಾಗಿಲಿನ ಅಜ್ಜಿ ಮಾತು ನಿಲ್ಲಿಸುತ್ತಾರೆ. ನಾನು ಊರಿನಿಂದ ತಂದ ಕಾಚಂಪುಳಿಯ ನಾಲ್ಕು ಹನಿಯನ್ನು ಸಾಸಿವೆಯ ಗೊಜ್ಜಿಗೆ ಬೆರೆಸಿ ನೋಡಿದ್ದೇನೆ. ಹಂದಿಯ ಕೊಬ್ಬಿಗೂ ಆ ಕಪ್ಪು ಹುಳಿಗೂ ಇರುವ ಹಳೆಯ ನಂಟು ಇಲ್ಲಿಯೂ ಕೆಲಸ ಮಾಡುತ್ತದೆ. ಇದೇ ಸಾಸೇಜನ್ನು ವಿನೆಗರ್ ಮತ್ತು ಈರುಳ್ಳಿಯ ತಿಳಿಯಲ್ಲಿ ಬೇಯಿಸಿ ‘ಬ್ಲಾವೆ ಜಿಪ್ಫೆಲ್’ ಎಂದು ಕರೆದು ತಿನ್ನುವ, ನ್ಯೂರೆಂಬರ್ಗ್ ಸೇರಿರುವ ಫ್ರಾಂಕೋನಿಯಾ ಸೀಮೆಯವರು ನನ್ನ ಈ ಪ್ರಯೋಗವನ್ನು ಆಕ್ಷೇಪಿಸಲಾರರು ಎಂದು ನಂಬಿದ್ದೇನೆ.

ಖರ್ಚು, ಶ್ರಮಗಳ ಲೆಕ್ಕವನ್ನೂ ಹೇಳಬೇಕು. ಮಾಂಸದಂಗಡಿಯ ಸಾಸೇಜಿಗೆ ಪೊಟ್ಟಣದ್ದಕ್ಕಿಂತ ಹೆಚ್ಚು ಬೆಲೆ ಕೊಡಬೇಕಾಗುತ್ತದೆ, ರುಚಿಯಲ್ಲಿ ಆ ಬೆಲೆಯ ವ್ಯತ್ಯಾಸ ತಿಳಿಯುತ್ತದೆ. ಒಬ್ಬರಿಗೋ ಇಬ್ಬರಿಗೋ ಆರು ಸಣ್ಣ ಸಾಸೇಜು ಬೇಯಿಸಲು ದೊಡ್ಡ ಓವನ್ನನ್ನು ಕಾಯಿಸುವುದು ವಿದ್ಯುತ್ತಿನ ದಂಡ. ಅಂಥ ದಿನ ಬಾಣಲೆಯೇ ಸರಿ. ನಾಲ್ಕು ಜನರ ಊಟವನ್ನು, ಪಲ್ಯದ ಸಮೇತ, ಒಂದೇ ಶಾಖದಲ್ಲಿ ಮುಗಿಸುವಾಗ ಓವನ್ನಿಗೆ ಸರಿಸಾಟಿಯಿಲ್ಲ. ಜಾಲರಿಯನ್ನು ತೊಳೆಯುವುದು ಈ ಅಡುಗೆಯ ಅತ್ಯಂತ ಬೇಸರದ ಭಾಗ. ಬಿಸಿ ಇರುವಾಗಲೇ ಒದ್ದೆ ಕಾಗದ ಹೊದಿಸಿಟ್ಟರೆ ಅಂಟಿದ್ದು ಊಟ ಮುಗಿಯುವಷ್ಟರಲ್ಲಿ ಸಡಿಲಾಗುತ್ತದೆ, ಆದರೂ ತಂತಿಗಳ ಸಂದಿಯನ್ನು ಉಜ್ಜಲೇಬೇಕು.

ಫೆಬ್ರವರಿಯ ಒಂದು ಭಾನುವಾರ ಎದುರು ಬಾಗಿಲಿನ ಅಜ್ಜಿಯನ್ನು ಊಟಕ್ಕೆ ಕರೆದೆ. ಥುರಿಂಗಿಯಾ ಸಾಸೇಜನ್ನು ಅವರು ಅರ್ಧ ತಿಂದು, “ಇದಕ್ಕೆ ಹೊಗೆ ಬೇಕು” ಎಂದು ನಿರ್ದಾಕ್ಷಿಣ್ಯವಾಗಿ ಹೇಳಿ ಸಾಸಿವೆ ಹಚ್ಚಿಕೊಂಡರು. ಆಮೇಲೆ ಆಲೂಗಡ್ಡೆಯನ್ನು ಎರಡು ಸಲ ಬಡಿಸಿಕೊಂಡು, ತಟ್ಟೆಯ ಮೂಲೆಯಲ್ಲಿ ಹಿಡಿದಿದ್ದ ಈರುಳ್ಳಿಯನ್ನು ಕೆರೆಯಲು ನನ್ನ ಕೈಯಲ್ಲಿದ್ದ ಸಟ್ಟುಗವನ್ನೇ ಕೇಳಿ ತೆಗೆದುಕೊಂಡರು.